ಪ್ರೈಮರಿ ಮಕ್ಕಳಿಗೆ ಕೋಡಿಂಗ್ ಹೇಳ್ಕೊಡೋದು ಹೇಗೆ: ಸೀಮೆಸುಣ್ಣ, ಕವಡೆ, ಆಮೇಲೆ ಸ್ಕ್ರ್ಯಾಚ್

ಕೋಡಿಂಗ್ ಹೇಳ್ಕೊಡ್ಬೇಕು ಅಂದ ತಕ್ಷಣ ಸ್ಟಾಫ್ ರೂಮಲ್ಲಿ ಮೊದಲು ಬರೋ ಮಾತು "ಕಂಪ್ಯೂಟರ್ ಎಷ್ಟಿದೆ, ಅದ್ರಲ್ಲಿ ಎಷ್ಟು ಆನ್ ಆಗತ್ತೆ" ಅಂತ. ಹತ್ತರಲ್ಲಿ ಮೂರು ಆನ್ ಆಗತ್ತೆ, ಒಂದರ ಮೌಸ್ ಇಲ್ಲ, ಅಲ್ಲಿಗೆ ವಿಷಯ ಮುಗೀತು, ಲ್ಯಾಬಿಗೆ ಬೀಗ. ಆದ್ರೆ ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಬೇಕಾಗಿರೋದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಕಂಪ್ಯೂಟರ್ ಇಲ್ದೆನೇ ಆಗತ್ತೆ, ಉಳಿದಿದ್ದು ಸ್ಕ್ರ್ಯಾಚ್ (ಬ್ಲಾಕ್ ಅಂದ್ರೆ ಬಣ್ಣದ ಆಜ್ಞೆ ತುಂಡುಗಳನ್ನ ಜೋಡಿಸಿ ಸ್ಕ್ರೀನ್ ಮೇಲಿನ ಬೆಕ್ಕನ್ನ ಓಡಾಡಿಸೋ ಫ್ರೀ ಪ್ರೋಗ್ರಾಂ) ಹಾಕ್ಕೊಂಡು ಆ ಮೂರು ಮಷೀನ್‌ನಲ್ಲೇ ಆಗತ್ತೆ. ಯಾವ ಸಾಮಾನು ಯಾವಾಗ ಹೊರಗೆ ತೆಗೀಬೇಕು ಅನ್ನೋದು ಗೊತ್ತಿದ್ರೆ ಸಾಕು, ಅದನ್ನೇ ಇಲ್ಲಿ ಒಂದೊಂದಾಗಿ ಬರೀತೀನಿ.

ಶುರು ಮಾಡೋ ಮುಂಚೆ ಒಂದು ವಿಷಯ ಕ್ಲಿಯರ್ ಮಾಡ್ಕೊಳಿ. 2020ರಲ್ಲಿ ಲಾಕ್‌ಡೌನ್ ಟೈಮಲ್ಲಿ ಆರು ವರ್ಷದ ಮಗು ಆಪ್ ಮಾಡ್ತು ಅಂತೆಲ್ಲಾ ಜಾಹೀರಾತು ಬಂದು ಅಪ್ಪ ಅಮ್ಮಂದಿರು ಗಾಬರಿ ಬಿದ್ದಿದ್ರು. ಅದೇ ವರ್ಷ ಬಂದ ರಾಷ್ಟ್ರೀಯ ಶಿಕ್ಷಣ ನೀತಿ ಕೋಡಿಂಗ್ ಚಟುವಟಿಕೆ ಅಂತ ಹೇಳಿರೋದು ಮಿಡ್ಲ್ ಸ್ಟೇಜಿಗೆ, ಅಂದ್ರೆ 6ನೇ ಕ್ಲಾಸಿಂದ. ಹಾಗಾಗಿ ಆ ನೀತಿ ಪ್ರಕಾರ 1ರಿಂದ 5ರವರೆಗೆ ನಿಮ್ಮ ಮೇಲೆ ಒತ್ತಡ ಇಲ್ಲ, ಪರೀಕ್ಷೆ ಇಲ್ಲ, ಪೋರ್ಷನ್ ಮುಗಿಸೋ ತಲೆನೋವಿಲ್ಲ. ಇಷ್ಟು ಆರಾಮಾಗಿ ಹೇಳ್ಕೊಡಬಹುದಾದ ವಿಷಯ ನಮಗೆ ಇನ್ನೊಂದು ಸಿಗಲ್ಲ.

ಈ ವಯಸ್ಸಲ್ಲಿ ಮಕ್ಕಳಿಗೆ ಬರಬೇಕಾಗಿರೋದು ಒಂದು ಕೆಲಸನ ಸಣ್ಣ ಸಣ್ಣ ಹೆಜ್ಜೆ ಮಾಡಿ ಸರಿಯಾದ ಕ್ರಮದಲ್ಲಿ ಜೋಡಿಸೋದು, ಮತ್ತೆ ಮತ್ತೆ ಬರೋದನ್ನ ಗುರುತಿಸೋದು, 'ಹೀಗಾದ್ರೆ ಹಾಗೆ' ಅಂತ ನಿಯಮ ಹಾಕೋದು, ಎಲ್ಲಿ ತಪ್ಪಾಯ್ತು ಅಂತ ಬೆರಳಿಟ್ಟು ತೋರ್ಸೋದು. ಇದಕ್ಕೆಲ್ಲಾ ಸೇರಿ ನಾನು ಇಟ್ಕೊಂಡಿರೋ ನಿಯಮ ಒಂದೇ: ಓಡಿಸೋ ಮುಂಚೆ ಹೇಳಿಸಿ. ಬಟನ್ ಒತ್ತೋಕ್ಕಿಂತ ಮುಂಚೆ ಮಗು ಬಾಯಿಬಿಟ್ಟು "ಮಿಸ್, ಇದು ಇಲ್ಲಿಗೆ ಹೋಗಿ ನಿಂತ್ಕೊಳತ್ತೆ" ಅನ್ಬೇಕು, ಆಮೇಲೆ ಒತ್ಬೇಕು. ಹೇಳಿದ್ದು ಒಂದು, ಆಗಿದ್ದು ಇನ್ನೊಂದು ಆದಾಗ ಮಗು ಸ್ಕ್ರೀನ್ ಹತ್ರ ಬಗ್ಗಿ ನೋಡತ್ತಲ್ಲ, ಕಲಿಯೋದು ಆಗ. ಇಂಗ್ಲೆಂಡಿನಲ್ಲಿ ಸೂ ಸೆಂಟೆನ್ಸ್ ಅನ್ನೋ ಸಂಶೋಧಕಿ ಮತ್ತು ಅವರ ಜೊತೆಯವರು ಇದನ್ನೇ ಕ್ರಮವಾಗಿ ಮಾಡಿ ಪ್ರಿಮ್ ಅಂತ ಹೆಸರಿಟ್ಟಿದ್ದಾರೆ: ಮೊದಲು ಊಹಿಸು, ಆಮೇಲೆ ಓಡಿಸು, ಕೆದಕಿ ನೋಡು, ಸ್ವಲ್ಪ ಬದಲಾಯಿಸು, ಕೊನೇಗೆ ನಿಂದೇ ಒಂದು ಮಾಡು. ನಾವು ಸಾಮಾನ್ಯವಾಗಿ ಕೊನೇದ್ರಿಂದ ಶುರು ಮಾಡ್ತೀವಿ, "ಏನಾದ್ರೂ ಮಾಡಿ ನೋಡೋಣ" ಅಂತ ಬಿಟ್ಬಿಡ್ತೀವಿ. ಆಗ ಬರೋ ಮಕ್ಕಳು ಮಾಡ್ತಾರೆ, ಉಳಿದೋರು ಸ್ಕ್ರ್ಯಾಚಿನ ಬೆಕ್ಕಿಗೆ ಬಣ್ಣ ಹಚ್ಕೊಂಡು ಕೂತಿರ್ತಾರೆ.

ಸ್ಟೆಪ್ 1: ನೆಲದ ಮೇಲೆ 5 ಸಾಲು 5 ಮನೆ

ಬೇಕಾಗಿರೋದು ಸೀಮೆಸುಣ್ಣ, ಹಳೇ ಲಗ್ನಪತ್ರಿಕೆ ಒಂದು ಕಟ್ಟು, ಒಂದಷ್ಟು ರಬ್ಬರ್ ಬ್ಯಾಂಡ್. ಲಗ್ನಪತ್ರಿಕೆ ಯಾಕಂದ್ರೆ ಗಟ್ಟಿಯಾಗಿರತ್ತೆ, ಒಂದು ಕಡೆ ಖಾಲಿ ಇರತ್ತೆ, ಪುಕ್ಕಟೆ ಸಿಗತ್ತೆ, ಮದುವೆ ಸೀಸನ್ ಆದ್ಮೇಲೆ ಮಕ್ಕಳಿಗೆ ತರೋಕೆ ಹೇಳಿದ್ರೆ ರಾಶಿ ಬೀಳತ್ತೆ. ಖಾಲಿ ಕಡೆ ದಪ್ಪ ಸ್ಕೆಚ್ ಪೆನ್ನಲ್ಲಿ ಮೂರೇ ಚಿಹ್ನೆ: ಮುಂದೆ ಒಂದು ಹೆಜ್ಜೆ, ನಿಂತಲ್ಲೇ ಎಡಕ್ಕೆ ತಿರುಗು, ನಿಂತಲ್ಲೇ ಬಲಕ್ಕೆ ತಿರುಗು. 'ಮುಂದೆ' ಕಾರ್ಡ್ ಒಂದಿಪ್ಪತ್ತು ಇರ್ಲಿ, ತಿರುಗೋದು ಹತ್ತತ್ತು ಸಾಕು.

ನೆಲದ ಮೇಲೆ 5 ಸಾಲು, ಸಾಲಿಗೆ 5 ಮನೆ ಚೌಕ ಬರೀರಿ, ಒಂದು ಮಗು ಎರಡೂ ಕಾಲಿಟ್ಟು ನಿಲ್ಲೋಷ್ಟು ದೊಡ್ಡದು. ಒಂದು ಮನೇಲಿ ಬಕೆಟ್ ಇಡಿ, ಅಲ್ಲಿಗೆ ಹೋಗಂಗಿಲ್ಲ. ಇನ್ನೊಂದು ಮೂಲೇಲಿ ಡಸ್ಟರ್, ಅಲ್ಲಿಗೆ ಮುಟ್ಬೇಕು. ಒಂದು ಮಗು ಯಂತ್ರ, ಉಳಿದೋರು ನಾಲ್ಕು ನಾಲ್ಕು ಜನದ ಗುಂಪು. ಗುಂಪಿನೋರು ಪೂರ್ತಿ ಕಾರ್ಡ್ ಸಾಲನ್ನ ನೆಲದ ಮೇಲೆ ಜೋಡಿಸಿ ಮುಗಿಸೋವರೆಗೂ ಯಂತ್ರ ಅಲ್ಲಾಡಂಗಿಲ್ಲ. ಇದು ತುಂಬಾ ಮುಖ್ಯ. ಒಂದು ಕಾರ್ಡ್ ಇಟ್ಟು ಒಂದು ಹೆಜ್ಜೆ ಹಾಕಿಸಿದ್ರೆ ಅದು ದಾರಿ ಹೇಳೋದಾಗತ್ತೆ, ಪ್ರೋಗ್ರಾಂ ಆಗಲ್ಲ.

ಇಲ್ಲಿ ಎರಡು ಕಡೆ ಎಲ್ಲಾ ಮಕ್ಕಳೂ ಎಡವ್ತಾರೆ. ಒಂದು, 'ಬಲಕ್ಕೆ ತಿರುಗು' ಅಂದ್ರೆ ಬಲಗಡೆ ಮನೆಗೆ ನೆಗೆದು ಬಿಡ್ತಾರೆ. ತಿರುಗೋದು ಬೇರೆ, ಹೋಗೋದು ಬೇರೆ ಅನ್ನೋದು ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ, ನಿಂತಲ್ಲೇ ತಿರುಗಿಸಿ ನಿಲ್ಲಿಸಿ "ಈಗ ಯಾವ ಮನೇಲಿದ್ದೀಯ?" ಅಂತ ಕೇಳಿದಾಗ "ಅದೇ ಮನೇಲೇ" ಅಂತಾರಲ್ಲ, ಆಮೇಲೆ ಸರಿಹೋಗತ್ತೆ. ಎರಡನೇದು, ಯಂತ್ರ ಇವರ ಕಡೆ ಮುಖ ಮಾಡಿ ನಿಂತಾಗ ಅವನ ಬಲ ಇವರ ಎಡ. ಯಂತ್ರದ ಬಲಗೈ ಅಂಗೈಗೆ ಸೀಮೆಸುಣ್ಣದ ಪುಡಿ ಬಳಿರಿ, ಜಗಳ ಅರ್ಧ ಕಡಿಮೆ. ಆಮೇಲೆ ಕಾರ್ಡ್ ಜೋಡಿಸೋ ಮಕ್ಕಳೇ ಎದ್ದು ಯಂತ್ರದ ಹಿಂದೆ ಹೋಗಿ ನಿಂತು ಕತ್ತು ವಾಲಿಸಿ ನೋಡೋಕೆ ಶುರು ಮಾಡ್ತಾರೆ. ಬೇಡ ಅನ್ಬೇಡಿ.

ಯಂತ್ರ ಆಗಿರೋ ಮಗುಗೆ ಉಪಕಾರ ಮಾಡೋ ಚಾಳಿ ಇರತ್ತೆ. ಕಾರ್ಡ್ ತಪ್ಪಿದ್ರೂ ಬಕೆಟ್ ತಪ್ಪಿಸಿ ಹೋಗತ್ತೆ. ಬಿಡಬೇಡಿ, ಕಾರ್ಡಲ್ಲಿ ಇರೋದನ್ನ ಮಾತ್ರ ಮಾಡ್ಬೇಕು, ಬಕೆಟ್ ಒದ್ದರೂ ಪರ್ವಾಗಿಲ್ಲ. ಒದ್ದಾಗ "ಎಷ್ಟನೇ ಕಾರ್ಡಲ್ಲಿ ತಪ್ಪಾಯ್ತು?" ಅಂತ ಮಾತ್ರ ಕೇಳಿ. ಯಾರು ತಪ್ಪು ಮಾಡಿದ್ದು ಅಂತ ಕೇಳ್ಬೇಡಿ. ಆ ಒಂದು ಕಾರ್ಡ್ ಮಾತ್ರ ಬದಲಾಯಿಸಿ ಮೊದಲಿಂದ ಓಡಿಸಿ. ಪೂರ್ತಿ ಸಾಲನ್ನ ಕೆಡವಿ ಹೊಸದಾಗಿ ಮಾಡೋ ಅಭ್ಯಾಸ ಇಲ್ಲೇ ಬಿಡಿಸಿದ್ರೆ ಮುಂದೆ ಕಂಪ್ಯೂಟರ್ ಮುಂದೆ ಕೂತಾಗ ನಿಮಗೇ ಸುಲಭ.

ನಾಲ್ಕೈದು ಆಟ ಆದ್ಮೇಲೆ ರಬ್ಬರ್ ಬ್ಯಾಂಡ್ ತೆಗೀರಿ. "ಮುಂದೆ, ಮುಂದೆ, ಬಲಕ್ಕೆ ತಿರುಗು" ಈ ಮೂರು ಕಾರ್ಡನ್ನ ಬ್ಯಾಂಡ್ ಹಾಕಿ ಕಟ್ಟಿ ಮೇಲೆ '4 ಸಲ' ಅಂತ ಚೀಟಿ ಸಿಕ್ಕಿಸಿ. ಯಂತ್ರ ಎಲ್ಲಿ ನಿಲ್ಲತ್ತೆ, ಯಾವ ಕಡೆ ಮುಖ ಮಾಡಿರತ್ತೆ ಅಂತ ಮೊದಲು ಹೇಳಿಸಿ. ಹೊರಟ ಮನೆಗೇ ಬಂದು ಹೊರಟ ದಿಕ್ಕಿಗೇ ತಿರುಗಿ ನಿಲ್ಲತ್ತೆ, ಹನ್ನೆರಡು ಕಾರ್ಡಿನ ಕೆಲಸ ಮೂರರಲ್ಲಿ ಆಯ್ತು. ಹೀಗೆ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋದಕ್ಕೆ ಇರೋ ಲೂಪ್ ಅನ್ನೋ ಪದ ಆಮೇಲೆ ಹೇಳಿದ್ರಾಯ್ತು.

ಕೇಳ್ತಾರೆ ಅಂತ ಹೇಳ್ತೀನಿ: ಬೀ-ಬಾಟ್ ಅಂತ ಹಳದಿ ಜೇನುಹುಳದ ಥರ ಪುಟಾಣಿ ರೋಬೋ ಬರತ್ತೆ, ಬೆನ್ನ ಮೇಲೆ ಬಾಣದ ಬಟನ್, ಒಂದು ಒತ್ತಿಗೆ 15 ಸೆಂಟಿಮೀಟರ್ ಹೋಗತ್ತೆ. ಚೆನ್ನಾಗಿದೆ, ಯಾರಾದ್ರೂ ಕೊಟ್ರೆ ತಗೊಳಿ, ದುಡ್ಡು ಕೊಟ್ಟು ತರಿಸೋಷ್ಟು ಅಲ್ಲ. ಈ ಐಡಿಯಾ ಹೊಸದೇನಲ್ಲ ಕೂಡ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೋರ್ಜೈಗ್ ಸೇರಿ ಮಕ್ಕಳಿಗೋಸ್ಕರ ಲೋಗೋ ಅನ್ನೋ ಭಾಷೆ ಮಾಡಿದ್ರು, ಅದರ ಆಮೆ ಮೊದಮೊದಲು ನೆಲದ ಮೇಲೇ ಓಡಾಡ್ತಿತ್ತು. ಪ್ಯಾಪರ್ಟ್ ಹೇಳ್ತಿದ್ದಿದ್ದೇ ಅದು, ಮಗು ತನ್ನ ಮೈಯನ್ನೇ ಆಮೆ ಜಾಗದಲ್ಲಿ ಇಟ್ಟು ಯೋಚನೆ ಮಾಡ್ಬೇಕು ಅಂತ.

ಸ್ಟೆಪ್ 2: ಚೌಕಾಬಾರ, ಇದಕ್ಕಿಂತ ಒಳ್ಳೇ ಟೂಲ್ ನಂಗೆ ಗೊತ್ತಿಲ್ಲ

ನೆಲದ ಮೇಲೆ 25 ಮನೆ ಹೆಂಗೂ ಬರ್ದಿದ್ದೀರಲ್ಲ, ಅದೇ ಚೌಕಾಬಾರದ ಮಣೆ. ಹೊರಸುತ್ತು 16 ಮನೆ, ಒಳಸುತ್ತು 8, ಮಧ್ಯ ಒಂದು ಹಣ್ಣಾಗೋ ಮನೆ. ನಾಲ್ಕು ಕವಡೆ. ಎಷ್ಟು ಅಂಗಾತ ಬಿತ್ತೋ ಅಷ್ಟು ಮನೆ, ನಾಲ್ಕೂ ಅಂಗಾತ ಬಿದ್ರೆ ಚೌಕ, ನಾಲ್ಕೂ ಬೋರಲು ಬಿದ್ರೆ ಬಾರ ಅಂದ್ರೆ 8, ಇವೆರಡು ಬಿದ್ರೆ ಇನ್ನೊಂದು ಸಲ ಹಾಕ್ಬಹುದು. ಹೊರಸುತ್ತು ಒಂದು ದಿಕ್ಕು, ಒಳಗೆ ಹೋದ್ಮೇಲೆ ಉಲ್ಟಾ ದಿಕ್ಕು. ಕಂಡೀಷನ್ (ಹೀಗಾದ್ರೆ ಹಾಗೆ), ಲೂಪ್, ಎಣಿಕೆ, ಎಲ್ಲಾ ಇಲ್ಲೇ ಇದೆ ನೋಡಿ, ಅದೂ ಮಕ್ಕಳಿಗೆ ಅಜ್ಜಿ ಮನೇಲಿ ಗೊತ್ತಿರೋ ಆಟ.

3, 4, 5ನೇ ಕ್ಲಾಸಿಗೆ ಕೆಲಸ ಹೀಗೆ ಕೊಡಿ: "ಚೌಕಾಬಾರ ಗೊತ್ತೇ ಇಲ್ದಿರೋ ಒಬ್ರಿಗೆ ಆಡೋಕೆ ಬರೋಹಂಗೆ ನಿಯಮ ಬರೀರಿ. ಪ್ರತಿ ಸಾಲೂ 'ಆದರೆ' ಅಂತ ಇರ್ಬೇಕು." ಐದು ನಿಮಿಷದಲ್ಲಿ ಜಗಳ ಶುರುವಾಗತ್ತೆ. ಒಬ್ಬಳು ಒಂದು ಕಾಯಿನಾದ್ರೂ ಕಡೀದೆ ಒಳಸುತ್ತಿಗೆ ಹೋಗಂಗಿಲ್ಲ ಅಂತಾಳೆ, ಇನ್ನೊಬ್ಬ "ನಮ್ಮನೇಲಿ ಹಂಗಲ್ಲ ಮಿಸ್, ಸುಮ್ನೆ ಹೋಗ್ಬಹುದು" ಅಂತಾನೆ. ಗುರುತಿರೋ ಮನೇಲಿ ಎರಡು ಕಡೆಯೋರ ಕಾಯಿ ಒಟ್ಟಿಗಿರಬಹುದಾ? ಮೂರು ಸಲ ಸಾಲಾಗಿ ಬಾರ ಬಿದ್ರೆ ಏನು? ನೀವು ತೀರ್ಪು ಕೊಡೋಕೆ ಹೋಗ್ಬೇಡಿ. ಬರ್ದಿರೋ ಹಾಳೇನ ಪಕ್ಕದ ಗುಂಪಿಗೆ ಕೊಟ್ಟು, ಬರ್ದಿದ್ದಷ್ಟನ್ನೇ ನೋಡ್ಕೊಂಡು ಆಡಿ ಅನ್ನಿ. ಬರೀದೇ ಬಿಟ್ಟಿರೋ ಜಾಗಕ್ಕೆ ಬಂದಾಗ ಆಟ ನಿಂತೋಗತ್ತೆ. ಬರ್ದೋರು ಅಲ್ಲಿಂದ ಕಿರ್ಚ್ಕೊಂಡು ಓಡಿ ಬರ್ತಾರೆ, "ಅಯ್ಯೋ ಅದು ಹಂಗಲ್ಲ ಕಣೋ!" ಅವರ ಬಾಯಿಗೆ ಬೀಗ, ಪೆನ್ಸಿಲ್ ಕೊಡಿ, ಹಾಳೇಲಿ ತಿದ್ದಲಿ. ಈ ಹಾಳೆಗಳನ್ನ ಎಸೀಬೇಡಿ, ಸ್ಕ್ರ್ಯಾಚಿಗೆ ಬಂದಾಗ ಮತ್ತೆ ಬೇಕಾಗತ್ತೆ.

ಅಳಿಗುಳಿ ಮಣೆ ಇದ್ರೆ 14 ಗುಳಿ ಸುತ್ತ ಬೀಜ ಹಾಕ್ಕೊಂಡು ಹೋಗೋದನ್ನ "ಕೈಲಿರೋ ಬೀಜ ಮುಗಿಯೋವರೆಗೂ" ಅನ್ನೋ ಲೂಪಿಗೆ ಬಳಸ್ಕೊಳಿ. 'ಇಷ್ಟು ಸಲ' ಮತ್ತು 'ಇದು ಆಗೋವರೆಗೂ' ಎರಡೂ ಬೇರೆ ಅಂತ ತೋರ್ಸೋಕೆ ಸಾಕು.

ಸ್ಟೆಪ್ 3: ಚುಕ್ಕಿ ಕಾರ್ಡು, 4 ಮತ್ತು 5ನೇ ಕ್ಲಾಸಿಗೆ

ಕಂಪ್ಯೂಟರ್ ಒಳಗೆ ಬರೀ 0 ಮತ್ತು 1 ಇರತ್ತೆ ಅಂತ ಪುಸ್ತಕದಲ್ಲಿ ಓದಿ ಹೇಳಿದ್ರೆ ಮಕ್ಕಳು ಹೂಂ ಅಂತಾರೆ ಅಷ್ಟೇ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ಯೂನಿವರ್ಸಿಟಿಯ ಟಿಮ್ ಬೆಲ್ ಮತ್ತವರ ಗೆಳೆಯರು ಮಾಡಿರೋ 'ಸಿಎಸ್ ಅನ್‌ಪ್ಲಗ್ಡ್' ಚಟುವಟಿಕೆಗಳು ಇದಕ್ಕೆ ಹೇಳಿ ಮಾಡಿಸಿದ್ದು, ನೆಟ್ಟಲ್ಲಿ ಫ್ರೀ. ಅದರಲ್ಲಿ ಎರಡು ಮಾಡಿದ್ರೂ ಸಾಕು.

ಮೊದಲನೇದು, ಐದು ಮಕ್ಕಳು ಸಾಲಾಗಿ ನಿಲ್ಲಲಿ, ಕೈಲಿ ಒಂದೊಂದು ಕಾರ್ಡ್. ಕ್ಲಾಸಲ್ಲಿ ಕೂತಿರೋರಿಗೆ ಬಲತುದೀಲಿ ಕಾಣೋ ಮಗು ಕಾರ್ಡಲ್ಲಿ 1 ಚುಕ್ಕಿ, ಅದರ ಪಕ್ಕ 2, ಆಮೇಲೆ 4. ಮುಂದಿನ ಕಾರ್ಡ್ ತೋರ್ಸೋ ಮುಂಚೆ ಎಷ್ಟಿರತ್ತೆ ಅಂತ ಹೇಳಿಸಿ. 6 ಅಂತಾರೆ, 5 ಅಂತಾರೆ, ಯಾರೋ ಒಬ್ರು 8 ಅಂತಾರೆ. ಕೊನೇದು 16. ಈಗ ಯಾರದ್ದಾದ್ರೂ ಹುಟ್ಟಿದ ತಾರೀಖು ಕೇಳಿ, ಕಾರ್ಡ್ ತೋರ್ಸಿ ಅಥವಾ ಬೋರಲು ಹಾಕಿ ಆ ಸಂಖ್ಯೆ ಮಾಡಿಸಿ. 19 ಅಂದ್ರೆ 16, 2, 1 ತೆರೆದು, 8, 4 ಮುಚ್ಚಿ: 10011. ಐದೂ ತೆರೆದ್ರೆ 31, ತಿಂಗಳ ಯಾವ ತಾರೀಖೇ ಆದ್ರೂ ಈ ಐದರಲ್ಲೇ ಬರತ್ತೆ. ಒಂದೇ ಸಂಖ್ಯೆನ ಎರಡು ಥರ ಮಾಡೋಕಾಗತ್ತಾ ಅಂತ ಕೇಳಿ ಬಿಟ್ಬಿಡಿ, ಮನೆಗೆ ಹೋಗಿ ತಲೆ ಕೆರ್ಕೊಂಡು ಬರ್ಲಿ.

ಎರಡನೇದು ಜಾದೂ. ಒಂದು ಕಡೆ ಬಣ್ಣ ಇರೋ 25 ಚೀಟಿ, 5 ಸಾಲು 5 ಕಂಬಸಾಲು, ಮಗು ಇಷ್ಟ ಬಂದಂಗೆ ಜೋಡಿಸ್ಲಿ. ನೀವು "ಸ್ವಲ್ಪ ಕಷ್ಟ ಮಾಡೋಣ" ಅಂತ ಇನ್ನೊಂದು ಸಾಲು, ಇನ್ನೊಂದು ಕಂಬಸಾಲು ಸೇರಿಸಿ 36 ಮಾಡಿ, ಪ್ರತಿ ಅಡ್ಡಸಾಲಲ್ಲೂ ಪ್ರತಿ ಕಂಬಸಾಲಲ್ಲೂ ಬಣ್ಣದ ಚೀಟಿ ಸಮಸಂಖ್ಯೆ ಇರೋಹಂಗೆ ನೋಡ್ಕೊಳಿ. ತಿರುಗಿ ನಿಂತ್ಕೊಳಿ, ಮಗು ಒಂದು ಚೀಟಿ ಮಗುಚಲಿ. ಬೆಸ ಬಂದಿರೋ ಅಡ್ಡಸಾಲು, ಬೆಸ ಬಂದಿರೋ ಕಂಬಸಾಲು ಎಲ್ಲಿ ಸೇರತ್ತೋ ಅದೇ ಚೀಟಿ. ಬಾಯಿ ಬಿಟ್ಕೊಂಡು ನೋಡ್ತಾರೆ. ಗುಟ್ಟು ಅವತ್ತೇ ಹೇಳ್ಬೇಡಿ. ಹೇಳಿದ ಮೇಲೆ ಪುಸ್ತಕದ ಹಿಂಬದಿ ಐಎಸ್‌ಬಿಎನ್ ತೋರ್ಸಿ, ಅದರ ಕೊನೇ ಅಂಕಿ ಬರೀ ತಪ್ಪು ಹಿಡಿಯೋಕೇ ಇರೋದು.

ಸ್ಟೆಪ್ 4: ಸ್ಕ್ರ್ಯಾಚ್ ಜೂನಿಯರ್, ಓದೋಕೆ ಬರದಿದ್ರೂ ಆಗತ್ತೆ

1ರಿಂದ 3ನೇ ಕ್ಲಾಸಿಗೆ. ಟ್ಯಾಬ್ ಇದ್ರೆ ಮಾತ್ರ, ಇಲ್ಲಾಂದ್ರೆ ಈ ಸ್ಟೆಪ್ ಬಿಟ್ಟು ಮುಂದೆ ಹೋಗಿ, ನಷ್ಟ ಇಲ್ಲ. ಟಫ್ಟ್ಸ್ ಯೂನಿವರ್ಸಿಟಿ, ಎಂಐಟಿಯೋರು ಸೇರಿ 2014ರಲ್ಲಿ 5ರಿಂದ 7 ವರ್ಷದೋರಿಗೆ ಅಂತ ಮಾಡಿದ್ದು. ಬ್ಲಾಕ್ ಮೇಲೆ ಅಕ್ಷರ ಇಲ್ಲ, ಬರೀ ಚಿತ್ರ. ಎಡದಿಂದ ಬಲಕ್ಕೆ ಜೋಡಿಸ್ತಾ ಹೋಗೋದು. ಒಂದ್ಸಲ ಇನ್‌ಸ್ಟಾಲ್ ಆದ್ರೆ ನೆಟ್ ಬೇಡ.

ಮೇಲ್ಗಡೆ ಗ್ರಿಡ್ ಬಟನ್ ಒತ್ತಿ ಮೊದಲು ಚೌಕ ಕಾಣೋ ಹಂಗೆ ಮಾಡಿ. ನೆಲದ ಮೇಲೆ ಆಡಿದ ಆಟನೇ ಇಲ್ಲಿ: ಬೆಕ್ಕು ಮರದ ಹತ್ರ ಹೋಗೋಕೆ ಎಷ್ಟು? ಬೆರಳಲ್ಲಿ ಎಣಿಸಿ, ಹೇಳಿ, ಆಮೇಲೆ ಹಸಿರು ಬಾವುಟ (ಓಡಿಸೋ ಬಟನ್). ಆಮೇಲೆ ಎರಡು ಪಾತ್ರ ಇಟ್ಟು ಒಂದು ಇನ್ನೊಂದಕ್ಕೆ ಲಕೋಟೆ ಕಳ್ಸೋದು, ಅಂದ್ರೆ ಮೊಲ ಬಂದು ಮುಟ್ಟಿದ ಮೇಲೆ ಆಮೆ ಹೊರಡೋದು. ಮಕ್ಕಳ ದನಿ ರೆಕಾರ್ಡ್ ಮಾಡೋ ಬ್ಲಾಕ್ ಇದೆ, ಅದನ್ನ ಕೊನೇಗೆ ತೋರ್ಸಿ. ಮೊದಲೇ ತೋರ್ಸಿದ್ರೆ ಆ ಪೀರಿಯಡ್ ಪೂರ್ತಿ ಕೂಗಾಟ.

ನಲಿ ಕಲಿ ನಡೀತಿರೋ ಕ್ಲಾಸಾದ್ರೆ ನಿಮಗೆ ಇದು ಇನ್ನೂ ಸುಲಭ. 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾದ ಆ ಪದ್ಧತೀಲಿ ಮಕ್ಕಳು ಗುಂಪು ಗುಂಪಾಗಿ ಬೇರೆ ಬೇರೆ ಕಾರ್ಡ್ ಮಾಡ್ತಾ ಇರ್ತಾರಲ್ಲ, ಇರೋ ಎರಡು ಟ್ಯಾಬ್ ಒಂದು ಗುಂಪಿಗೆ ಕೊಟ್ಟು ಉಳಿದ ಗುಂಪು ಅವರವರ ಕಾರ್ಡ್ ಮಾಡ್ಕೊಂಡು ಇರ್ಬಹುದು. ಎಲ್ಲರಿಗೂ ಒಂದೇ ಸಲ ಟ್ಯಾಬ್ ಬೇಕು ಅನ್ನೋ ಸಮಸ್ಯೆನೇ ಇಲ್ಲ.

ಸ್ಟೆಪ್ 5: ಸ್ಕ್ರ್ಯಾಚ್ ಹಾಕೋದು

ಎಂಐಟಿ ಮೀಡಿಯಾ ಲ್ಯಾಬಲ್ಲಿ ಮಿಚೆಲ್ ರೆಸ್ನಿಕ್ ತಂಡ ಮಾಡಿ 2007ರಲ್ಲಿ ಹೊರಗೆ ಬಿಟ್ಟಿದ್ದು, ಈಗ ಬಳಸ್ತಿರೋ 3.0 ಬಂದಿದ್ದು 2019ರ ಜನವರೀಲಿ. ನೆಟ್ ನಂಬ್ಕೊಂಡು ಕೂರ್ಬೇಡಿ, ಆಫ್‌ಲೈನ್ ಆಪ್ ಇದೆ, ಮನೇಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಲ್ಲಿ ತನ್ನಿ. ವಿಂಡೋಸ್ 10 ಬೇಕು. ಲ್ಯಾಬಲ್ಲಿ ವಿಂಡೋಸ್ ಬದಲು ಉಬುಂಟು ಇದ್ರೆ ಹೊಸದಕ್ಕೆ ಅಧಿಕೃತ ಆಪ್ ಇಲ್ಲ, ನೆಟ್ ಇದ್ರೆ ಬ್ರೌಸರಲ್ಲೇ ತೆಗೀರಿ, ಇಲ್ಲಾಂದ್ರೆ ಹಳೇ 1.4 ಹಾಕ್ಕೊಳಿ. ನೋಡೋಕೆ ಹಳೇದಾಗಿ ಕಾಣತ್ತೆ, ಪ್ರೈಮರಿಗೆ ಬೇಕಾಗಿರೋದೆಲ್ಲಾ ಅದ್ರಲ್ಲಿದೆ, ಹಳೇ ಮಷೀನಲ್ಲೂ ಓಡತ್ತೆ.

ಆಫ್‌ಲೈನ್ ಆಪ್ ತಾನಾಗೇ ಸೇವ್ ಮಾಡಲ್ಲ. ಕರೆಂಟ್ ಹೋದ್ರೆ ಹೋಯ್ತು. ಅದಕ್ಕೆ ಹತ್ತು ನಿಮಿಷಕ್ಕೊಂದ್ಸಲ "ಸೇವ್" ಅಂತ ಕೂಗೋಕೆ ಒಂದು ಮಗೂನ ನೇಮಿಸಿ, ಆ ಕೆಲಸಕ್ಕೆ ಪೈಪೋಟಿ ಇರತ್ತೆ. ಫೈಲ್ ಹೆಸರು ಕ್ಲಾಸು ಮತ್ತು ಗುಂಪಿನ ನಂಬರ್, ಅಷ್ಟೇ. ಇಲ್ಲಾಂದ್ರೆ ತಿಂಗಳಾದ್ಮೇಲೆ ಡೆಸ್ಕ್‌ಟಾಪ್ ತುಂಬಾ ಒಂದೇ ಹೆಸರಿನ ಫೈಲು.

ಕನ್ನಡದಲ್ಲಿ ಟೈಪ್ ಮಾಡ್ಬಹುದಾ? ಮಾಡ್ಬಹುದು, ಬೆಕ್ಕು ಕನ್ನಡದಲ್ಲಿ ಮಾತಾಡತ್ತೆ, ವೇರಿಯಬಲ್‌ಗೂ (ಸಂಖ್ಯೆ ನೆನಪಿಟ್ಕೊಳ್ಳೋ ಡಬ್ಬಿ) ಕನ್ನಡ ಹೆಸರಿಡಬಹುದು. ಯೂನಿಕೋಡ್ ಆಗಿರ್ಬೇಕು ಅಷ್ಟೇ, ನುಡಿ ಹಳೇ ಫಾಂಟಲ್ಲಿ ಟೈಪ್ ಮಾಡಿದ್ರೆ ಚಿತ್ರವಿಚಿತ್ರ ಅಕ್ಷರ ಬರತ್ತೆ. ಬ್ಲಾಕ್ ಮೇಲಿರೋ ಇಂಗ್ಲಿಷ್ ಪದಕ್ಕೆ ಹೆದರಬೇಡಿ. ಬಣ್ಣ ಹೇಳಿ: ನೀಲಿ ಅಂದ್ರೆ ಚಲನೆ, ಹಳದಿ ಅಂದ್ರೆ ಶುರು, ಕಿತ್ತಳೆ ಅಂದ್ರೆ ಲೂಪು ಮತ್ತು ಕಂಡೀಷನ್. ಬಣ್ಣದ ಹೆಸರಲ್ಲೇ ಹುಡುಕ್ಕೊಂಡು ಬೇಗ ಕಲೀತಾರೆ.

ಒಂದು ಮಷೀನಿಗೆ ಇಬ್ಬರು ಅಥವಾ ಮೂವರು. ಒಬ್ರು ಡ್ರೈವರ್, ಮೌಸ್ ಅವರ ಕೈಲಿ. ಇನ್ನೊಬ್ರು ಕಂಡಕ್ಟರ್, ಮೌಸ್ ಮುಟ್ಟಂಗಿಲ್ಲ, ಬಾಯಲ್ಲಿ ಹೇಳ್ಬೇಕು. ನಮ್ಮ ಕೆಂಪು ಬಸ್ಸಿನ ಥರನೇ, ಕಂಡಕ್ಟರ್ "ರೈಟ್" ಅನ್ನದೆ ಡ್ರೈವರ್ ಹಸಿರು ಬಾವುಟ ಒತ್ತಂಗಿಲ್ಲ, ತಪ್ಪು ಕಂಡ್ರೆ "ಹೋಲ್ಡಾನ್". "ರೈಟ್" ಅನ್ನೋ ಮುಂಚೆ ಏನಾಗತ್ತೆ ಅಂತ ಕಂಡಕ್ಟರ್ ಹೇಳ್ಬೇಕು, ನಮ್ಮ ಒಂದೇ ನಿಯಮ ಇಲ್ಲಿ ತಾನಾಗೇ ಕೂತ್ಕೊಳತ್ತೆ. ಏಳೆಂಟು ನಿಮಿಷಕ್ಕೊಂದ್ಸಲ ಬೆಲ್ ಹೊಡೆದು ಬದಲಾಯಿಸಿ. ಬೆಲ್ ಇಲ್ದೆ ಬಿಟ್ರೆ ಜೋರು ಇರೋ ಹುಡುಗ ಮೌಸ್ ಬಿಡಲ್ಲ, ಹುಡುಗೀರು ಪಕ್ಕ ಕೂತು ನೋಡ್ತಾ ಇರ್ತಾರೆ, ವರ್ಷಾಂತ್ಯಕ್ಕೆ "ಹುಡುಗೀರಿಗೆ ಕಂಪ್ಯೂಟರ್ ಅಷ್ಟಾಗಿ ಬರಲ್ಲ" ಅಂತ ನಾವೇ ಹೇಳ್ಕೊಂಡು ಓಡಾಡ್ತೀವಿ.

ಸ್ಟೆಪ್ 6: ಸ್ಕ್ರ್ಯಾಚಲ್ಲಿ ಏನ್ ಮಾಡಿಸ್ಬೇಕು

ಮೊದಲೆರಡು ಪೀರಿಯಡ್ ಬೆಕ್ಕು ನಡಿಯೋದು, ಮಾತಾಡೋದು, ಗೋಡೆಗೆ ಗುದ್ದಿ ವಾಪಸ್ ಬರೋದು. ವಾಪಸ್ ಬರುವಾಗ ಬೆಕ್ಕು ತಲೆಕೆಳಗಾಗತ್ತೆ. ನಕ್ಕೂ ನಕ್ಕೂ ಸುಸ್ತಾಗ್ಲಿ, ಆಮೇಲೆ ಯಾಕೆ ಅಂತ ಹುಡುಕಿಸಿ (ತಿರುಗೋ ಶೈಲಿನ ಎಡ-ಬಲ ಅಂತ ಮಾಡ್ಬೇಕು).

ಆಮೇಲೆ ರಂಗೋಲಿ. ಎಡಗಡೆ ಕೆಳಗಿರೋ ಎಕ್ಸ್‌ಟೆನ್ಷನ್ ಬಟನ್ ಒತ್ತಿ ಪೆನ್ ಸೇರಿಸ್ಕೊಳಿ. ಎಲ್ಲಾ ಅಳಿಸು, ಪೆನ್ ಕೆಳಗೆ, 4 ಸಲ ರಿಪೀಟ್, ಒಳಗೆ 100 ಹೆಜ್ಜೆ ಮುಂದೆ, 90 ಡಿಗ್ರಿ ತಿರುಗು. ಲಗ್ನಪತ್ರಿಕೆ ಕಾರ್ಡಲ್ಲಿ ಮಾಡಿದ್ದು ಇದೇ ಅಂತ ಮಕ್ಕಳೇ ಹೇಳ್ತಾರೆ. ಈಗ ತ್ರಿಕೋನ ಮಾಡಿ ಅನ್ನಿ. ಲೆಕ್ಕದ ಪುಸ್ತಕ ಓದಿರೋ ಜಾಣ ಮಕ್ಕಳು 3 ಸಲ, 60 ಡಿಗ್ರಿ ಹಾಕ್ತಾರೆ. ತ್ರಿಕೋನ ಬರಲ್ಲ, ಅರ್ಧ ಷಡ್ಭುಜ ಬಂದು ಬಾಯಿ ತೆರ್ಕೊಂಡು ನಿಲ್ಲತ್ತೆ. "ಕಂಪ್ಯೂಟರ್ ತಪ್ಪು ಮಾಡ್ತಿದೆ ಮಿಸ್" ಅಂತಾರೆ. ಉತ್ತರ ಹೇಳ್ಬೇಡಿ, ಎಬ್ಬಿಸ್ಕೊಂಡು ಹೊರಗೆ ಹೋಗಿ, ನೆಲದ ಮೇಲೆ ದೊಡ್ಡ ತ್ರಿಕೋನ ಬರೆದು ಅದರ ಗೆರೆ ಮೇಲೆ ನಡೆಸಿ. ಮೂಲೆಗೆ ಬಂದಾಗ ಮಗು ಎಷ್ಟು ತಿರುಗತ್ತೆ ನೋಡಿ: ಒಳಗಿನ ಚೂಪು ಮೂಲೆಯಷ್ಟಲ್ಲ, ಹೆಚ್ಚುಕಮ್ಮಿ ಬೆನ್ನು ಹಿಂದಕ್ಕೆ ಹೋಗೋಷ್ಟು. ಬೆಕ್ಕು ತಿರುಗೋದು ಹೊರಗಿನ ಕೋನ, 120. ಒಂದು ಸುತ್ತು ಬಂದು ಮೊದಲಿನ ದಿಕ್ಕಿಗೆ ನಿಂತ್ರೆ ಒಟ್ಟು ತಿರುಗಿದ್ದು 360, ಹಾಗಾಗಿ 360ನ್ನ ಬಾಹುಗಳ ಸಂಖ್ಯೆಯಿಂದ ಭಾಗಿಸಿದ್ರಾಯ್ತು, ಇಷ್ಟು ಗೊತ್ತಾದ್ಮೇಲೆ 5, 6, 8 ಬಾಹು ಎಲ್ಲಾ ಅವರೇ ಮಾಡ್ತಾರೆ. 100 ಹೆಜ್ಜೆಗೆ ದೊಡ್ಡ ಆಕೃತಿಗಳು ಸ್ಟೇಜಿಂದ (ಬೆಕ್ಕು ಓಡಾಡೋ ಜಾಗ) ಹೊರಗೆ ಹೋಗಬಹುದು, 60 ಇಟ್ಕೊಳಿ. ಚೌಕವನ್ನ 10 ಡಿಗ್ರಿ ತಿರುಗಿಸ್ತಾ 36 ಸಲ ಬರ್ಸಿದ್ರೆ ಹಬ್ಬದ ರಂಗೋಲಿನೇ ಬಂತು.

ಚುಕ್ಕಿ ಇಡೋದು ಇದಕ್ಕಿಂತ ಒಂದು ಕೈ ಮೇಲೆ. ಸ್ಟೇಜ್ ಅಡ್ಡ 480, ಎತ್ತರ 360, ಮಧ್ಯ ಸೊನ್ನೆ, ಎಕ್ಸ್ ಅಂದ್ರೆ ಅಡ್ಡ, ವೈ ಅಂದ್ರೆ ಎತ್ತರ. ಪೆನ್ ಸೈಜ್ 10, ಪೆನ್ ಮೇಲೆ, ಎಕ್ಸ್ -100, ವೈ 100ಕ್ಕೆ ಹೋಗು. 5 ಸಲ ರಿಪೀಟ್, ಅದರೊಳಗೆ ಇನ್ನೊಂದು 5 ಸಲ: ಪೆನ್ ಕೆಳಗೆ, ಪೆನ್ ಮೇಲೆ, ಎಕ್ಸ್ 50 ಹೆಚ್ಚಿಸು. ಒಳಲೂಪ್ ಮುಗಿದ್ಮೇಲೆ ಎಕ್ಸ್ ಮತ್ತೆ -100 ಮಾಡು, ವೈ 50 ಇಳಿಸು. 25 ಚುಕ್ಕಿ. ಬೇಕಂತಲೇ 'ಎಕ್ಸ್ ಮತ್ತೆ -100' ಬ್ಲಾಕ್ ತೆಗೆದು ಕೊಟ್ಟು ಏನಾಗತ್ತೆ ಅಂತ ಕಂಡಕ್ಟರ್‌ನ ಕೇಳಿ. ಎರಡನೇ ಸಾಲು ಮೊದಲನೇ ಸಾಲು ಮುಗಿದ ಜಾಗದಿಂದ ಶುರುವಾಗಿ ಬೆಕ್ಕು ಬಲಗಡೆ ಅಂಚಿಗೆ ಹೋಗಿ ಸಿಕ್ಕಾಕೊಳತ್ತೆ. ಮನೇಲಿ ರಂಗೋಲಿ ಹಾಕೋ ಹುಡುಗಿ ತಟ್ಟಂತ ಹೇಳ್ತಾಳೆ: "ಸಾಲು ಮುಗಿದ ಮೇಲೆ ಕೈ ವಾಪಸ್ ತರ್ಬೇಕಲ್ವಾ ಮಿಸ್". 5ನೇ ಕ್ಲಾಸಿನ ಚುರುಕು ಮಕ್ಕಳಿಗೆ 7ರಿಂದ 4ರವರೆಗೆ ಸಂದುಚುಕ್ಕಿ ಕೊಡಿ, ಒಟ್ಟು 37 ಚುಕ್ಕಿ, ಪ್ರತಿ ಸಾಲಿಗೂ ಎಣಿಕೆ ಬದಲಾಗೋದ್ರಿಂದ ವೇರಿಯಬಲ್ ಬೇಕೇ ಬೇಕಾಗತ್ತೆ.

ಕೊನೇಗೆ ಕವಡೆ. ಎತ್ತಿಟ್ಟಿದ್ದ ಚೌಕಾಬಾರದ ಹಾಳೆ ತೆಗೀರಿ, ಕವಡೆ ಹಾಕೋ ಪ್ರೋಗ್ರಾಂ ಮಾಡಿಸಿ. ಹೆಚ್ಚಿನೋರು ರ‍್ಯಾಂಡಮ್ (ಯಾವ್ದೋ ಒಂದು ಸಂಖ್ಯೆ ಆರಿಸೋ) ಬ್ಲಾಕಲ್ಲಿ 1ರಿಂದ 8 ಅಂತ ಹಾಕ್ತಾರೆ. ಹತ್ತು ಸಲ ಒತ್ತಿಸಿ, 5, 6, 7 ಬರ್ತಿದೆ ಅಂತ ಯಾರಾದ್ರೂ ಕೂಗ್ತಾರೆ, ಕವಡೇಲಿ ಅದು ಬರೋದೇ ಇಲ್ಲ. ಸರಿಯಾದ ದಾರಿ: 'ಕವಡೆ' ಅನ್ನೋ ವೇರಿಯಬಲ್ 0 ಮಾಡಿ, 4 ಸಲ ರಿಪೀಟಲ್ಲಿ 0 ಅಥವಾ 1 ರ‍್ಯಾಂಡಮ್ಮಾಗಿ ಸೇರಿಸಿ, ಕೊನೇಲಿ 0 ಆಗಿದ್ರೆ 8 ಮಾಡಿ, ಹೇಳಿಸಿ. ಈಗ ಒಂದು ಗುಂಪು ನಿಜವಾದ ಕವಡೆ 50 ಸಲ ಹಾಕಿ ಗೀಟು ಹಾಕ್ಕೊಂಡು ಬರ್ಲಿ, ಇನ್ನೊಂದು ಗುಂಪು ಕಂಪ್ಯೂಟರಲ್ಲಿ. ಕಂಪ್ಯೂಟರ್ ಲೆಕ್ಕದ ಪ್ರಕಾರ 16 ಪಾಲಲ್ಲಿ 6 ಪಾಲು 2 ಬೀಳ್ಬೇಕು, 1 ಮತ್ತು 3 ನಾಲ್ಕ್ನಾಲ್ಕು ಪಾಲು, ಚೌಕ ಒಂದು, ಬಾರ ಒಂದು. ನಿಜವಾದ ಕವಡೆ ಹಾಗೇ ಬೀಳ್ಬೇಕು ಅಂತೇನಿಲ್ಲ, ಅದರ ಒಂದು ಕಡೆ ಉಬ್ಬು ಇನ್ನೊಂದು ಕಡೆ ಚಪ್ಪಟೆ. ಎರಡು ಗೀಟು ಪಟ್ಟಿ ಪಕ್ಕಪಕ್ಕ ಬೋರ್ಡ್ ಮೇಲೆ ಹಾಕಿ, ವ್ಯತ್ಯಾಸ ಬಂದ್ರೆ ಪ್ರೋಗ್ರಾಂ ಯಾವ ಥರ ಬದಲಾಯಿಸ್ಬೇಕು ಅಂತ ಕೇಳಿ. ಇಷ್ಟಕ್ಕೆ ಉತ್ತರ ಕೊಡೋ 5ನೇ ಕ್ಲಾಸ್ ಮಗು ಇದ್ರೆ, ಅದಕ್ಕೆ ಇನ್ನೇನೂ ಪರೀಕ್ಷೆ ಬೇಡ.

ಇನ್ನುಳಿದ ಟೂಲ್‌ಗಳು, ಬೇಗ ಬೇಗ

ಮೈಕ್ರೋಬಿಟ್: 2016ರಲ್ಲಿ ಬಿಬಿಸಿ ಬ್ರಿಟನ್ನಿನ ಮಕ್ಕಳಿಗೆ ಹಂಚಿದ ಅಂಗೈಯಷ್ಟೂ ಇಲ್ಲದ ಬೋರ್ಡು, 25 ಪುಟ್ಟ ಲೈಟು, ಎರಡು ಬಟನ್, ಅಲ್ಲಾಡಿಸಿದ್ರೆ ಗೊತ್ತಾಗೋ ಸೆನ್ಸರ್. ಲೈಟು 5ಕ್ಕೆ 5, ಚೌಕಾಬಾರದ ಮಣೆಯಷ್ಟೇ! ಅಲ್ಲಾಡಿಸಿದ್ರೆ ಕವಡೆ ಬೀಳೋಹಂಗೆ ಮಾಡಿಸಿ. ಕೊಂಡ್ಕೊಳ್ಳೋ ಮುಂಚೆ ಮೇಕ್‌ಕೋಡ್ ಸೈಟಲ್ಲಿ ಸ್ಕ್ರೀನ್ ಮೇಲಿನ ನಕಲಿ ಬೋರ್ಡಲ್ಲೇ ಎಲ್ಲಾ ಆಡಿ ನೋಡಬಹುದು. ದಾನಿಗಳು ಕೊಟ್ರೆ ಇಡೀ ಕ್ಲಾಸಿಗೆ ಐದಿದ್ರೆ ಸಾಕು. ಬೋರ್ಡಿಗೆ ಪ್ರೋಗ್ರಾಂ ಹೋಗ್ತಿಲ್ಲ ಅಂದ್ರೆ ಮೊದಲು ಕೇಬಲ್ ಬದಲಾಯಿಸಿ, ಕೆಲವು ಕೇಬಲ್ ಬರೀ ಚಾರ್ಜಿಗೆ ಮಾತ್ರ ಆಗತ್ತೆ.

ಕೋಡ್ ಡಾಟ್ ಆರ್ಗ್, ಬ್ಲಾಕ್ಲಿ ಗೇಮ್ಸ್: ಒಗಟು ಥರ ಲೆವೆಲ್ ಲೆವೆಲ್ ಆಗಿ ಹೋಗತ್ತೆ, ಟೀಚರ್ ಬ್ಯುಸಿ ಇದ್ದಾಗ ಒಳ್ಳೇದು, ಬ್ಲಾಕ್ಲಿ ಗೇಮ್ಸ್ ಆಫ್‌ಲೈನ್ ಕೂಡ ಸಿಗತ್ತೆ. ತೊಂದ್ರೆ ಏನಂದ್ರೆ ಮಕ್ಕಳು ಲೆವೆಲ್ ದಾಟೋದ್ರಲ್ಲೇ ಇರ್ತಾರೆ, ಹೇಗೆ ಬಂತು ಅಂದ್ರೆ "ಸುಮ್ನೆ ಹಾಕ್ದೆ, ಬಂತು". ಪೂರ್ತಿ ಅದನ್ನೇ ನೆಚ್ಕೋಬೇಡಿ.

ಬೆಬ್ರಾಸ್: 2004ರಲ್ಲಿ ಲಿಥುವೇನಿಯಾದಲ್ಲಿ ಶುರುವಾದ ಸ್ಪರ್ಧೆ, ಪ್ರೋಗ್ರಾಮಿಂಗ್ ಗೊತ್ತಿಲ್ದೇ ಬಿಡಿಸೋ ಚಿತ್ರದ ಒಗಟುಗಳು. ನಮ್ಮಲ್ಲಿ ಇದನ್ನ ನಡ್ಸೋದು ಎಸಿಎಂ ಇಂಡಿಯಾ ಅನ್ನೋ ಕಂಪ್ಯೂಟರ್ ತಜ್ಞರ ಸಂಘದ ಸಿಎಸ್‌ಪಾಠಶಾಲಾ. ಹಳೇ ಪ್ರಶ್ನೆ ಪ್ರಿಂಟ್ ತೆಗೆದು ವಾರಕ್ಕೊಂದು ಬೋರ್ಡ್ ಪಕ್ಕ ಅಂಟಿಸಿ.

ಗೊತ್ತಾಗಿದ್ಯಾ ಅಂತ ನೋಡೋದು ಹೇಗೆ

ಅಂಕ ಬೇಡ. ಕೆಟ್ಟಿರೋ ಪ್ರೋಗ್ರಾಂ ಕೊಡಿ, ಒಂದೇ ಬ್ಲಾಕ್ ತಪ್ಪಿರ್ಬೇಕು, ಓಡಿಸದೆ ತಪ್ಪು ತೋರ್ಸು ಅನ್ನಿ. ಅಥವಾ ಸ್ಕ್ರೀನ್ ಮುಚ್ಚಿ, ತಾನೇ ಮಾಡಿದ್ದನ್ನ ಬಾಯಲ್ಲಿ ವಿವರಿಸಲಿ. ಎಲ್ಲಕ್ಕಿಂತ ಸುಲಭದ್ದು, ಮೂರು ಬ್ಲಾಕಿನ ಪ್ರೋಗ್ರಾಂ ಬೋರ್ಡ್ ಮೇಲೆ ಬರೆದು ಬೆಕ್ಕು ಎಲ್ಲಿ ನಿಲ್ಲತ್ತೋ ಅಲ್ಲಿ ಹಾಳೇಲಿ ಚುಕ್ಕಿ ಇಡ್ಸೋದು, ಎರಡೇ ನಿಮಿಷದಲ್ಲಿ ಇಡೀ ಕ್ಲಾಸ್ ಎಲ್ಲಿದೆ ಅಂತ ಕಾಣತ್ತೆ.

ಸ್ಕ್ರ್ಯಾಚ್ ಸೈಟಿಗೆ ಹಾಕೋದಾದ್ರೆ ಮಕ್ಕಳ ಹೆಸರು, ಫೋಟೋ, ಸ್ಕೂಲಿನ ಹೆಸರು ಬೇಡ. ಟೀಚರ್ ಅಕೌಂಟ್ ಫ್ರೀ ಸಿಗತ್ತೆ, ಅದರ ಕೆಳಗೆ ಮಕ್ಕಳಿಗೆ ಅಡ್ಡಹೆಸರಲ್ಲಿ ಅಕೌಂಟ್ ಮಾಡ್ಬಹುದು. ಆಫ್‌ಲೈನ್ ಫೈಲುಗಳನ್ನ ಬೇಸಿಗೆ ರಜೆಗೆ ಮುಂಚೆ ಎರಡು ಪೆನ್‌ಡ್ರೈವಿಗೆ ಹಾಕಿ, ಒಂದು ನಿಮ್ಮ ಹತ್ರ, ಒಂದು ಎಚ್‌ಎಂ ಬೀರುವಲ್ಲಿ. ಜೂನ್‌ನಲ್ಲಿ ಬರೋ ಹೊಸ 4ನೇ ಕ್ಲಾಸಿಗೆ ಹಳೇ ಮಕ್ಕಳ ಪ್ರೋಗ್ರಾಮಲ್ಲಿ ಒಂದೊಂದು ಬ್ಲಾಕ್ ತೆಗೆದು ಕೊಟ್ರೆ ಮೊದಲ ತಿಂಗಳ ಪಾಠ ರೆಡಿ.